ಮುಂದಿನ ಪುಸ್ತಕ ಎಲ್ಲಿ ಮಾಮ?



ನವೆಂಬರ್ ಬಂತೆಂದರೆ ಬೀದಿಯ ತುದಿಯಲ್ಲಿ ಶಾಮಿಯಾನ ಹಾಕಿಸುವವರು ನೀವು. ಮೈಕು ಕಟ್ಟಿ ಅಣ್ಣಾವ್ರ ಹಾಡು ಹಾಕುವವರು ನೀವು. ಅಂಗಡಿಯ ಬೋರ್ಡಿನಲ್ಲಿ ಕನ್ನಡ ಇರುವೆ ಗಾತ್ರಕ್ಕಿದ್ದರೆ ಸೀದಾ ಒಳಗೆ ಹೋಗಿ "ಯಾಕೆ ಸ್ವಾಮಿ ಹೀಗೆ?" ಎಂದು ಕೇಳುವವರೂ ನೀವೇ. ಕೇಳಲೇಬೇಕು. ಇವತ್ತು ಮಾತ್ರ ಪ್ರಶ್ನೆ ನಿಮಗೆ. ಅದು ನನ್ನದಲ್ಲ, ಹತ್ತು ವರ್ಷದ ಒಬ್ಬ ಹುಡುಗಿಯದು. ಅವಳು ನನ್ನನ್ನು ಕೇಳಿದಾಗ ನಾನು ತಲೆ ಕೆರೆದುಕೊಂಡೆ. ನಿಮ್ಮ ಹತ್ತಿರ ಉತ್ತರ ಇದೆಯಾ ನೋಡೋಣ.

ಹುಡುಗಿ ನಮ್ಮಕ್ಕನ ಮಗಳು. ಶಾಲೆಗೆ ಹೋಗುವುದಿಲ್ಲ. ಸೀಟು ಸಿಗಲಿಲ್ಲವೆಂದೋ ಫೀಸು ಕಟ್ಟಲಾಗಲಿಲ್ಲವೆಂದೋ ಅಲ್ಲ. ಎರಡನೇ ಕ್ಲಾಸು ಮುಗಿದ ಮೇಲೆ ಅಕ್ಕ-ಭಾವ ಶಾಲೆ ಬಿಡಿಸಿ ಮನೆಯಲ್ಲೇ ಕಲಿಸಲು ಕೂತರು. ಹೋಮ್ ಸ್ಕೂಲಿಂಗ್ ಅಂತಾರಲ್ಲ, ಅದು. ನೆಂಟರೆಲ್ಲ ಬಾಯಿಗೆ ಬಂದಂತೆ ಬೈದರು. "ನಾಳೆ ಸರ್ಟಿಫಿಕೇಟು ಯಾರು ಕೊಡ್ತಾರೆ?" ಅಂದರು. ಹದಿನಾಲ್ಕು ತುಂಬಿದ ಮೇಲೆ ಮುಕ್ತ ಶಾಲೆಯ, ಅಂದರೆ ಎನ್‌ಐಓಎಸ್‌ನ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು ಎಂದು ಭಾವ ಸಮಾಧಾನ ಹೇಳಿದರು. ನಾನೂ ಜಗಳ ಆಡಿದವನೇ. ಶಾಲೆ ಬಿಡಿಸಿದ್ದು ಸರಿಯೋ ತಪ್ಪೋ ಎಂಬ ಪಂಚಾಯ್ತಿ ಇವತ್ತು ಬೇಡ. ಅದು ನಮ್ಮ ಮನೆಯ ವಿಷಯ.

ಇವತ್ತಿನ ವಿಷಯ ಆ ಹುಡುಗಿಯ ಓದು. ಬೆಳಿಗ್ಗೆ ಎರಡು ಗಂಟೆ ಪಾಠ. ಆಮೇಲೆ ರಾತ್ರಿ ಮಲಗುವ ತನಕ ಅವಳ ಕಾಲ ಅವಳದೇ. ಅಷ್ಟೂ ಹೊತ್ತು ಓದುತ್ತಾಳೆ. ಬೋಂಡ ಕಟ್ಟಿಕೊಟ್ಟ ಪೇಪರು ಓದುತ್ತಾಳೆ, ಅಜ್ಜಿಯ ಪಂಚಾಂಗ ಓದುತ್ತಾಳೆ, ಮಾತ್ರೆ ಡಬ್ಬಿಯೊಳಗಿನ ಚೀಟಿಯನ್ನೂ ಬಿಡುವುದಿಲ್ಲ. ವಾರಕ್ಕೆ ನಾಲ್ಕು ಪುಸ್ತಕ ತಂದುಕೊಡುವುದು ನನ್ನ ಪಾಲಿನ ಕೆಲಸ. ಶನಿವಾರ ತಂದರೆ ಬುಧವಾರದ ಹೊತ್ತಿಗೆ ಖಾಲಿ.

ಒಂದು ಸಾರಿ ಸಮುದ್ರದ ಪ್ರಾಣಿಗಳ ಬಗ್ಗೆ ಒಂದು ತೆಳ್ಳನೆಯ ಕನ್ನಡ ಪುಸ್ತಕ ಕೊಟ್ಟಿದ್ದೆ. ಅದರಲ್ಲಿ ಆಕ್ಟೋಪಸ್ ಬಗ್ಗೆ ಅರ್ಧ ಪುಟ. ಓದಿ ಮುಗಿಸಿ ನನ್ನ ಮುಂದೆ ಬಂದು ನಿಂತಳು.

"ಮಾಮ, ಅದು ಬಣ್ಣ ಹೇಗೆ ಬದಲಾಯಿಸುತ್ತೆ ಅಂತ ಇದರಲ್ಲಿಲ್ಲ. ಇದರ ಮುಂದಿನ ಪುಸ್ತಕ ಎಲ್ಲಿ?"

ಹುಡುಕಿದೆ. ಊರಿನ ಒಂದು ದೊಡ್ಡ ಪುಸ್ತಕದಂಗಡಿಗೆ ಹೋದೆ. ಮಕ್ಕಳ ವಿಭಾಗದಲ್ಲಿ ಇಂಗ್ಲಿಷಿಗೆ ಗೋಡೆಯುದ್ದಕ್ಕೂ ಕಪಾಟು. ಕನ್ನಡಕ್ಕೆ ಮೂಲೆಯಲ್ಲಿ ಒಂದು ಸ್ಟ್ಯಾಂಡು. ಅದರ ತುಂಬ ತೆನಾಲಿ ರಾಮ, ಪಂಚತಂತ್ರ, ಕಾಗುಣಿತ. ಆಕ್ಟೋಪಸ್ಸಿನ ಮುಂದಿನ ಪುಸ್ತಕ ಕನ್ನಡದಲ್ಲಿ ಸಿಗಲಿಲ್ಲ. ಇಂಗ್ಲಿಷಿನಲ್ಲಿ ಆರು ಇತ್ತು. ಒಂದನ್ನು ಕೊಂಡು ತಂದೆ. ತಪ್ಪೇನಿಲ್ಲ, ಮಗು ಇಂಗ್ಲಿಷೂ ಓದಲಿ. ವಾರ ಕಳೆದ ಮೇಲೆ ಓಡಿಬಂದು ಹೇಳಿದಳು:

"ಮಾಮ, ಅದಕ್ಕೆ ಥ್ರೀ ಹಾರ್ಟ್ಸ್ ಇರುತ್ತೆ, ಗೊತ್ತಾ? ಬ್ಲಡ್ ಬ್ಲೂ ಕಲರ್!"

ಗಮನಿಸಿ ಗೆಳೆಯರೆ. "ಮೂರು" ಅನ್ನುವುದು ಈ ಹುಡುಗಿಗೆ ಎರಡನೇ ವರ್ಷದಿಂದ ಗೊತ್ತು. "ನೀಲಿ" ಗೊತ್ತು. "ರಕ್ತ" ಗೊತ್ತು. ಪದ ಮರೆತು ಹೋಗಿರಲಿಲ್ಲ. ಹೊಸ ತಿಳಿವಳಿಕೆ ಯಾವ ಭಾಷೆಯಲ್ಲಿ ಬಂತೋ ಅದೇ ಭಾಷೆಯಲ್ಲಿ ಬಾಯಿಂದ ಹೊರಬಂತು, ಅಷ್ಟೆ. ಇನ್ನು ಐದು ವರ್ಷ ಹೀಗೇ ನಡೆದರೆ ಅವಳ ಕನ್ನಡ ಎಲ್ಲಿಗೆ ಬಂದು ನಿಲ್ಲುತ್ತದೆ? "ಅಜ್ಜಿ, ಊಟಕ್ಕೇನು?" ಎನ್ನುವಲ್ಲಿಗೆ. ಆಗ ಯಾರ ಮೇಲೆ ಕಲ್ಲು ಹೊಡೆಯೋಣ? ಯಾವ ಬೋರ್ಡಿಗೆ ಮಸಿ ಬಳಿಯೋಣ?

ಕಾನೂನು ಗೇಟಿನವರೆಗೆ ಮಾತ್ರ

ನಮಗೆ ಕಾನೂನಿನ ಮೇಲೆ ಬಹಳ ನಂಬಿಕೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಾಗ ನಾವೆಲ್ಲ ಕೆಂಡವಾದೆವು. 2015ರಲ್ಲಿ ಕನ್ನಡ ಭಾಷಾ ಕಲಿಕೆ ಕಾಯ್ದೆ ಬಂದಾಗ, ಇನ್ನು ಯಾವ ಬೋರ್ಡಿನ ಶಾಲೆಯಾದರೂ ಕನ್ನಡ ಕಲಿಸಲೇಬೇಕು ಎಂದು ಪಟಾಕಿ ಹೊಡೆದೆವು. ಆದರೆ ಆ ಕಾಯ್ದೆ ಶಾಲೆಯ ಗೇಟಿನಲ್ಲೇ ನಿಲ್ಲುತ್ತದೆ. ಮನೆಯಲ್ಲಿ ಕೂತು ಓದುವ ಹುಡುಗಿಯ ಹತ್ತಿರ ಅದು ಬರುವುದಿಲ್ಲ. ಅವಳಿಗೆ ಕನ್ನಡದ ಪೀರಿಯಡ್ ಇಲ್ಲ, ಕನ್ನಡದ ಮೇಷ್ಟ್ರು ಇಲ್ಲ, ಪರೀಕ್ಷೆಯ ಭಯವಂತೂ ಇಲ್ಲವೇ ಇಲ್ಲ. ಅವಳನ್ನು ಕನ್ನಡದಲ್ಲಿ ಹಿಡಿದಿಡುವುದು ಮನೆಮಾತು ಮತ್ತು ಪುಸ್ತಕ, ಎರಡೇ. ಪುಸ್ತಕ ರುಚಿಯಾಗಿದ್ದರೆ ಕೂರುತ್ತಾಳೆ, ಇಲ್ಲದಿದ್ದರೆ ಎದ್ದು ಹೋಗುತ್ತಾಳೆ. ಮುಚ್ಚುಮರೆಯಿಲ್ಲದ ಓಟು ಅದು!

ಶಾಲೆಗೆ ಹೋಗುವ ಮಕ್ಕಳ ಕಥೆಯಾದರೂ ಬೇರೆಯೇ? ಕನ್ನಡದಲ್ಲಿ ನೂರಕ್ಕೆ ತೊಂಬತ್ತು ತೆಗೆದು, ಪರೀಕ್ಷೆ ಮುಗಿದ ಮಾರನೇ ದಿನದಿಂದ ಕನ್ನಡದ ಒಂದು ಪುಟವನ್ನೂ ಮುಟ್ಟದವರು ನಿಮ್ಮ ಬೀದಿಯಲ್ಲಿ ಎಷ್ಟಿಲ್ಲ? ಮನೆಯಲ್ಲಿ ಕಲಿಯುವ ಮಗು ಆ ಸತ್ಯವನ್ನು ಬೇಗ ತೋರಿಸುತ್ತದೆ, ಅಷ್ಟೆ.

ಹುಡುಕಿದರೆ ಸಿಗುತ್ತದೆ

ಅಂಗಡಿಯಿಂದ ಬರಿಗೈಲಿ ಬಂದ ದಿನ ನಾನೂ "ಕನ್ನಡದಲ್ಲಿ ಮಕ್ಕಳಿಗೆ ಏನಿದೆ ಮಣ್ಣು" ಎಂದು ಬೈದುಕೊಂಡೆ. ಆಮೇಲೆ ಹುಡುಕತೊಡಗಿದೆ. ಗಾಂಧಿ ಬಜಾರಿನ ಅಂಗಡಿಗಳು, ಅವೆನ್ಯೂ ರಸ್ತೆಯ ಹಳೇ ಪುಸ್ತಕದ ರಾಶಿ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ನೆಂಟರ ಮನೆಯ ಅಟ್ಟ. ನಾಲ್ಕು ತಿಂಗಳಲ್ಲಿ ನನ್ನ ಮುಖಕ್ಕೆ ನಾನೇ ಹೊಡೆದುಕೊಳ್ಳುವ ಹಾಗಾಯಿತು. ಏನಿಲ್ಲ ಸ್ವಾಮಿ ಕನ್ನಡದಲ್ಲಿ!

ಪುಟ್ಟ ಮಕ್ಕಳಿಗೆ ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಇದ್ದಾರೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಇದೆ. ಅದು ಬ್ರೌನಿಂಗ್ ಎಂಬ ಇಂಗ್ಲಿಷ್ ಕವಿಯ ಕಥನಕವನದಿಂದ ಹುಟ್ಟಿದ್ದು ಎಂದು ಹೇಳಿದರೂ ನಮ್ಮ ಹುಡುಗಿ ನಂಬಲಿಲ್ಲ. ಅಷ್ಟು ನಮ್ಮದಾಗಿದೆ. ಡಾಕ್ಟರಾಗಿದ್ದ ಅನುಪಮಾ ನಿರಂಜನ ವರ್ಷವಿಡೀ ಸಾಲುವಂತೆ ಹನ್ನೆರಡು ಸಂಪುಟಗಳಲ್ಲಿ 'ದಿನಕ್ಕೊಂದು ಕಥೆ' ಬರೆದಿಟ್ಟಿದ್ದಾರೆ. ಬೆಂಗಳೂರಿನಲ್ಲೇ 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್‌ನವರು ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳನ್ನು ಪುಕ್ಕಟೆ ಕೊಡುತ್ತಾರೆ. ಮೊಬೈಲಿನಲ್ಲೇ ಸಿಗುತ್ತದೆ, ಪ್ರಿಂಟ್ ತೆಗೆದು ಹೊಲಿದುಕೊಳ್ಳಲೂಬಹುದು.

ಹತ್ತು ದಾಟಿದವರಿಗೆ? ಇಲ್ಲೇ ನಮ್ಮ ಅಂಗಡಿಗಳ ಸ್ಟ್ಯಾಂಡು ಕೈಚೆಲ್ಲುವುದು. ಯಾಕೆಂದರೆ ಈ ವಯಸ್ಸಿನವರಿಗೆ ಹೊಂದುವ ಕನ್ನಡ ಪುಸ್ತಕಗಳು ಮಕ್ಕಳ ಸ್ಟ್ಯಾಂಡಿನಲ್ಲಿ ಇರುವುದೇ ಇಲ್ಲ, ದೊಡ್ಡವರ ಕಪಾಟಿನಲ್ಲಿರುತ್ತವೆ. ಪೂರ್ಣಚಂದ್ರ ತೇಜಸ್ವಿಯವರ 'ಪರಿಸರದ ಕಥೆ' ಕೊಡಿ. ಕಿವಿ ಎಂಬ ನಾಯಿಯ ಹಿಂದೆ ಹೋದ ಹುಡುಗಿ ಪುಸ್ತಕ ಮುಗಿಯುವ ತನಕ ಊಟಕ್ಕೆ ಬರಲಿಲ್ಲ. ಅವರ ಮಿಲೆನಿಯಂ ಸರಣಿಯಲ್ಲಿ 'ಪೆಸಿಫಿಕ್ ದ್ವೀಪಗಳು', 'ಚಂದ್ರನ ಚೂರು', 'ನೆರೆಹೊರೆಯ ಗೆಳೆಯರು' ಹೀಗೆ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಬೇಟೆಗಾರ ಕೆನೆತ್ ಆಂಡರ್ಸನ್ ಇದೇ ಬೆಂಗಳೂರಿನಲ್ಲಿ ಬಾಳಿದವನು. ಅವನ ಕಾಡಿನ ಅನುಭವಗಳನ್ನೂ ತೇಜಸ್ವಿ ಕನ್ನಡಕ್ಕೆ ತಂದಿದ್ದಾರೆ. ಗಿಡಮರದ ಹುಚ್ಚಿರುವ ಮಗುವಾದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದೆ. ಸಸ್ಯಶಾಸ್ತ್ರದ ಮೇಷ್ಟ್ರು ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಕಥೆಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೊಂದು ಕಡೆ ಭಾಷೆ ಬಿಗಿ. ಪಕ್ಕದಲ್ಲಿ ಕೂತು ನೀವೇ ಜೋರಾಗಿ ಓದಿ ಹೇಳಿ, ಆಗ ನಗುತ್ತಾರೆ.

ಮಹಾಪುರುಷರ ಕಥೆ ಬೇಕೆಂದರೆ ಭಾರತ-ಭಾರತಿ ಮಾಲೆಯ ಕಿರುಪುಸ್ತಕಗಳು ಐದುನೂರಕ್ಕೂ ಹೆಚ್ಚಿವೆ. ಜೇಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಓದಬಹುದು. ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ'ಗೆ 2010ರಲ್ಲಿ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. ಆ ಪುರಸ್ಕಾರ ಶುರುವಾದದ್ದೇ ಆ ವರ್ಷ. ಈಚಿನವು ಬೇಕೇ? ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ತಮ್ಮಣ್ಣ ಬೀಗಾರ ಅವರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿ ಅವರ 'ಸೂರಕ್ಕಿ ಗೇಟ್' ಓದಿಸಿ. ಮೂರೂ ಅದೇ ಪುರಸ್ಕಾರ ಪಡೆದವು. ಶಾಲೆ ಬಿಟ್ಟ ಮಗುವಿಗೆ ಜಪಾನಿನ 'ತೊತ್ತೊ-ಚಾನ್' ಕೊಡಲೇಬೇಕು. ರೈಲು ಡಬ್ಬಿಗಳಲ್ಲಿ ನಡೆಯುತ್ತಿದ್ದ ಶಾಲೆಯ ಕಥೆ. ಓದಿ ಮುಗಿಸಿ ನಮ್ಮ ಹುಡುಗಿ "ಇಂಥ ಶಾಲೆಯಾದರೆ ನಾನೂ ಹೋಗ್ತೀನಿ" ಅಂದಳು. ಅಕ್ಕ-ಭಾವ ಮುಖ ಮುಖ ನೋಡಿಕೊಂಡರು.

ಇನ್ನು ಕಾರಂತಜ್ಜ. ಶಿವರಾಮ ಕಾರಂತರು 1930ರ ದಶಕದಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲ ಪ್ರಪಂಚ' ಬರೆದರು. ಮುಂದೆ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. ಕಮಿಟಿ ಇಲ್ಲ, ಗ್ರಾಂಟಿಗೆ ಕಾಯಲಿಲ್ಲ, ಒಬ್ಬರೇ ಕೂತು ಬರೆದರು. ಅವರ ಮಕ್ಕಳ ಮೊದಮೊದಲ ಪಾಠ ನಡೆದದ್ದೂ ಶಾಲೆಯಲ್ಲಲ್ಲ, ಪುತ್ತೂರಿನ ಬಾಲವನದ ಮನೆಯಲ್ಲಿ. ಹಾಗೆ ಬೆಳೆದ ಮಗ ಉಲ್ಲಾಸ ಕಾರಂತ ಹುಲಿಗಳ ಅಧ್ಯಯನದಲ್ಲಿ ಜಗತ್ತೇ ಬಲ್ಲ ವಿಜ್ಞಾನಿಯಾದರು. ಮನೆಯಲ್ಲಿ ಕಲಿಸುವುದು ಅಮೆರಿಕದಿಂದ ಬಂದ ಶೋಕಿ ಎನ್ನುವವರು ಇದನ್ನು ನೆನಪಿಡಲಿ. ನಿರಂಜನ ಅವರ ಸಂಪಾದಕತ್ವದಲ್ಲಿ ಬಂದ ಕಿರಿಯರ ವಿಶ್ವಕೋಶ 'ಜ್ಞಾನ ಗಂಗೋತ್ರಿ'ಗೆ ಏಳು ಸಂಪುಟ. ಅವರದೇ ಸಂಪಾದನೆಯ 'ವಿಶ್ವಕಥಾಕೋಶ'ಕ್ಕೆ ಇಪ್ಪತ್ತೈದು. ಅದರಲ್ಲಿ ದೊಡ್ಡವರ ಕಥೆಗಳೂ ಇವೆ, ಹದಿಮೂರಾದ ಮೇಲೆ ಕೊಡಿ, ಮೊದಲು ನೀವು ಓದಿ.

ಹಳೆಯ ವಿಜ್ಞಾನದ ಪುಸ್ತಕ ಕೊಟ್ಟರೆ ತಪ್ಪು ಕಲಿಯುವುದಿಲ್ಲವೇ? ಕಲಿಯಬಹುದು. ಅದಕ್ಕೊಂದು ಆಟ ಮಾಡಿಕೊಂಡಿದ್ದೇವೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅದಕ್ಕೂ ಮೊದಲು ಬಂದ ಪುಸ್ತಕದಲ್ಲಿ ಚಂದ್ರನ ಬಗ್ಗೆ ಏನಿದೆ, ಈಗ ಏನು ಬದಲಾಗಿದೆ ಎಂದು ಹುಡುಕಿ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆಯಬೇಕು. ಪ್ಲೂಟೋವನ್ನು ಗ್ರಹಗಳ ಸಾಲಿನಿಂದ ಕೆಳಗಿಳಿಸಿದ್ದು 2006ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕಗಳಲ್ಲೆಲ್ಲ ಒಂಬತ್ತು ಗ್ರಹ. ಅದನ್ನು ಹಿಡಿದ ದಿನ ಹುಡುಗಿ ಮನೆಯೆಲ್ಲ ಕುಣಿದಳು. ಅಚ್ಚಾದದ್ದೆಲ್ಲ ವೇದವಾಕ್ಯವಲ್ಲ ಎಂದು ಹತ್ತನೇ ವಯಸ್ಸಿಗೆ ಗೊತ್ತಾಗುವುದು ಸಣ್ಣ ಲಾಭವೇ?

ಒಳ್ಳೆಯ ಪುಸ್ತಕ ಅಂದರೆ ಯಾವುದು?

ಇಲ್ಲಿ ನಮ್ಮ ಕಡೆಯದೇ ಒಂದು ತಪ್ಪಿದೆ. ಒಪ್ಪಿಕೊಳ್ಳೋಣ. ಮಕ್ಕಳಿಗೆ ಕನ್ನಡ ಪುಸ್ತಕ ಎಂದ ಕೂಡಲೇ ನಮ್ಮ ತಲೆಗೆ ಬರುವುದು ನೀತಿಪಾಠ. "ಆದ್ದರಿಂದ ಮಕ್ಕಳೇ, ಹಿರಿಯರ ಮಾತು ಕೇಳಬೇಕು" ಎಂದು ಕೊನೆಯ ಪುಟದಲ್ಲಿ ಬೆತ್ತ ತೋರಿಸುವ ಕಥೆ. ಇಲ್ಲದಿದ್ದರೆ ಕನ್ನಡಾಭಿಮಾನದ ಭಾಷಣ. ಮಗು ಇಂಗ್ಲಿಷಿನಲ್ಲಿ ಡೈನೋಸಾರ್, ಜ್ವಾಲಾಮುಖಿ, ಕಳ್ಳ-ಪೊಲೀಸು ಓದುವುದು, ಕನ್ನಡದಲ್ಲಿ ಮಾತ್ರ ಉಪದೇಶ ಕೇಳುವುದು! ಹೀಗಾದರೆ ಯಾವ ಮಗು ಕನ್ನಡದ ಹತ್ತಿರ ಬಂದೀತು? ಔಷಧಿಯ ಹಾಗೆ ಕುಡಿಸಿದ ಭಾಷೆಯನ್ನು ಮಗು ಔಷಧಿಯ ಹಾಗೆಯೇ ಉಗಿಯುತ್ತದೆ.

ನಾನು ಕಲಿತದ್ದು ಇಷ್ಟು. ಮಗುವಿನ ಹುಚ್ಚು ಯಾವುದೋ ಅದರ ಹಿಂದೆ ಹೋಗಬೇಕು. ನಾಲ್ಕು ಪುಸ್ತಕ ತಂದರೆ ಎರಡು ಅವಳು ಕೇಳಿದ್ದು, ಒಂದು ನನಗೆ ಇಷ್ಟವಾದದ್ದು, ಒಂದು ಇಬ್ಬರಿಗೂ ಗೊತ್ತಿಲ್ಲದ್ದು ಇರಬೇಕು. ಇಪ್ಪತ್ತು ಪುಟ ಓದಿ ಬೇಡವೆಂದು ಬಿಸಾಕುವ ಹಕ್ಕು ಅವಳಿಗಿರಬೇಕು. ನನಗೆ ಪ್ರಾಣವಾದ ಒಂದು ಕಾದಂಬರಿಯನ್ನು ಅವಳು "ಬೋರು ಮಾಮ" ಎಂದು ವಾಪಸ್ ಕೊಟ್ಟಳು. ನುಂಗಿಕೊಂಡೆ. ಓದಿದ ಮೇಲೆ "ಇದರಿಂದ ಏನು ಕಲಿತೆ?" ಎಂದು ಕೇಳಬಾರದು. ಕೇಳಿದರೆ ಮನೆಯೂ ಶಾಲೆಯಾಗುತ್ತದೆ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ, ಮಲೆನಾಡಿನ ಕನ್ನಡ ಎಲ್ಲವೂ ಮನೆಗೆ ಬರಬೇಕು. ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆಯುವ ಮಗುವಿಗೆ ಕರ್ನಾಟಕ ಎಷ್ಟು ದೊಡ್ಡದು ಎಂದು ಮೊದಲು ಗೊತ್ತಾಗುವುದು ಕಿವಿಯಿಂದ.

ಹಳ್ಳ ಇರುವುದು ಎಲ್ಲಿ?

ಇಷ್ಟೆಲ್ಲ ಪಟ್ಟಿ ಹೇಳಿದ ಮೇಲೂ ಆಕ್ಟೋಪಸ್ಸಿನ ಪ್ರಶ್ನೆ ಹಾಗೇ ಉಳಿಯಿತು. ಅದೇ ನೋಡಿ ಹಳ್ಳ. ಎಂಟು ವರ್ಷದವರೆಗೆ ಕನ್ನಡದಲ್ಲಿ ಬೇಕಾದಷ್ಟಿದೆ. ಹದಿನೈದು ದಾಟಿದರೆ ಕುವೆಂಪು, ಕಾರಂತ, ತೇಜಸ್ವಿ, ದೇವನೂರು, ವೈದೇಹಿ ಎಂದು ಸಾಗರವೇ ಇದೆ. ನಡುವಿನ ಐದಾರು ವರ್ಷಕ್ಕೆ ಸೇತುವೆ ತೆಳ್ಳಗಿದೆ. ಅದರಲ್ಲೂ ಹೊಸ ವಿಜ್ಞಾನ, ಹೊಸ ಇತಿಹಾಸ, ಒಂದೇ ವಿಷಯವನ್ನು ಆಳವಾಗಿ, ಚಿತ್ರಗಳ ಸಮೇತ ಹೇಳುವ ಪುಸ್ತಕ ಕಡಿಮೆ. ಹಿಂದೆ ತಿಂಗಳು ತಿಂಗಳು ಮನೆಗೆ ಬಂದು ಈ ಹಳ್ಳ ದಾಟಿಸುತ್ತಿದ್ದವು ಮಕ್ಕಳ ಪತ್ರಿಕೆಗಳು. ಚಂದಮಾಮ 2013ರಲ್ಲಿ ನಿಂತುಹೋಯಿತು. ನಾವು ಎರಡು ದಿನ ಅಯ್ಯೋ ಅಂದು ಮರೆತೆವು. ನಾವು ಕೊನೆಯ ಬಾರಿ ಅದನ್ನು ದುಡ್ಡು ಕೊಟ್ಟು ಕೊಂಡದ್ದು ಯಾವಾಗ ಎಂದು ಯಾರೂ ಕೇಳಿಕೊಳ್ಳಲಿಲ್ಲ.

ಕೇಳುವವರಿದ್ದರೆ ಪುಸ್ತಕ ಬರುತ್ತದೆ ಎನ್ನುವುದಕ್ಕೆ ಈ ಊರಿನದೇ ಸಾಕ್ಷಿ ಕೊಡುತ್ತೇನೆ. ದೇಶವೆಲ್ಲ ಕೊಂಡಾಡುವ ಅಮರ ಚಿತ್ರ ಕಥೆ ಮೊದಲು ಬಂದದ್ದು ಯಾವ ಭಾಷೆಯಲ್ಲಿ ಗೊತ್ತೇ? ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರು ಮಕ್ಕಳಿಗೆ ಕನ್ನಡದಲ್ಲಿ ಚಿತ್ರಕಥೆ ಬೇಕು ಎಂದು ಮುಂಬೈನ ಪ್ರಕಾಶಕರ ಬೆನ್ನು ಹತ್ತಿ ಹತ್ತು ಪುಸ್ತಕ ತರಿಸಿದರು. ಹೆಚ್ಚಿನವು ಪಾಶ್ಚಾತ್ಯ ಕಥೆಗಳೇ. ಇಂಗ್ಲಿಷಿನ ಅಮರ ಚಿತ್ರ ಕಥೆ ಮಾಲೆ ಹನ್ನೊಂದನೇ ನಂಬರಿನ 'ಕೃಷ್ಣ'ನಿಂದ ಶುರುವಾಗುವುದು ಅದಕ್ಕೇ. ಮೊದಲ ಹತ್ತು ನಂಬರು ಕನ್ನಡದವು. ಒಬ್ಬ ಕನ್ನಡಿಗ ಕೇಳಿದ್ದಕ್ಕೆ ಇಷ್ಟು ಆಯಿತು. ನಾವು ಲಕ್ಷಾಂತರ ಜನ ಇದ್ದೇವೆ. ಏನು ಕೇಳುತ್ತಿದ್ದೇವೆ?

ನೀವು ಮಾಡಬೇಕಾದದ್ದು

ನಿಮಗಿನ್ನೂ ಮದುವೆಯಾಗಿಲ್ಲ, ಮಕ್ಕಳಿಲ್ಲ, ಇದೆಲ್ಲ ನಮಗ್ಯಾಕೆ ಅನ್ನಬೇಡಿ. ಅಕ್ಕನ ಮಕ್ಕಳಿದ್ದಾರೆ, ಅಣ್ಣನ ಮಕ್ಕಳಿದ್ದಾರೆ, ಕೆಳಗಿನ ಮನೆಯ ಮಗು ಇದೆ. ಹುಟ್ಟುಹಬ್ಬಕ್ಕೆ ಪ್ಲಾಸ್ಟಿಕ್ ಕಾರು ಕೊಡುವ ಕೈ ಒಂದು ಕನ್ನಡ ಪುಸ್ತಕ ಕೊಡಲಿ. ಕೊಡುವ ಮೊದಲು ನೀವು ಓದಿ. ನೀವೇ ಓದದ ಪುಸ್ತಕವನ್ನು ಮಗು ಓದಲಿ ಎನ್ನುವುದು ಯಾವ ನ್ಯಾಯ?

ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ಹೋಗಿ. ಈ ಊರಿನಲ್ಲಿ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರು ರೂಪಾಯಿ ಗ್ರಂಥಾಲಯ ಕರ ಎಂದೇ ವಸೂಲಾಗುತ್ತದೆ. ಬಾಡಿಗೆ ಮನೆಯಲ್ಲಿದ್ದರೂ ಅದರ ಪಾಲು ನಿಮ್ಮ ಬಾಡಿಗೆಯಲ್ಲಿದೆ. ಅದು ನಿಮ್ಮ ದುಡ್ಡು. ನಾನು ಹೋದ ಒಂದು ಶಾಖೆಯಲ್ಲಿ ಮಕ್ಕಳ ಪುಸ್ತಕಗಳಿದ್ದವು, ಬೀಗ ಹಾಕಿದ ಬೀರುವಿನಲ್ಲಿ! ಹರಿದುಹಾಕುತ್ತಾರೆ ಎಂಬ ಭಯವಂತೆ. ಮೂರು ಶನಿವಾರ ಹುಡುಗಿಯನ್ನು ಕರೆದುಕೊಂಡು ಹೋಗಿ ಅಲ್ಲೇ ಕೂರಿಸಿದೆ. ನಾಲ್ಕನೇ ವಾರ ಅಲ್ಲಿಯ ಯಜಮಾನರೇ ಬೀಗ ತೆಗೆದು "ತಗೋ ಪುಟ್ಟಿ" ಅಂದರು. ಕೂಗಾಡಲಿಲ್ಲ, ಘೋಷಣೆ ಹಾಕಲಿಲ್ಲ. ಓದುವ ಮಗು ಎದುರಿಗೆ ಕೂತಿತ್ತು, ಅಷ್ಟು ಸಾಕಾಯಿತು. ನಿಮ್ಮ ಶಾಖೆಯಲ್ಲೂ ಮಕ್ಕಳ ಬೀರು ತೆರೆದಿದೆಯೇ ನೋಡಿ. ಬೇಕಾದ ಪುಸ್ತಕಗಳ ಹೆಸರು ಬರೆದುಕೊಡಿ. ಅಂಗಡಿಯಲ್ಲೂ ಕೇಳಿ. ಇಲ್ಲ ಅಂದರೆ ತರಿಸಿ ಅನ್ನಿ, ತರಿಸಿದರೆ ತಪ್ಪದೆ ಕೊಳ್ಳಿ.

ಕೊನೆಯದು ನಿಮ್ಮಲ್ಲಿ ಓದಿಕೊಂಡವರಿಗೆ. ನೀವು ಇಂಜಿನಿಯರು, ಡಾಕ್ಟರು, ಸಾಫ್ಟ್‌ವೇರಿನವರು. ನಿಮ್ಮ ವಿಷಯ ನಿಮಗೆ ಗೊತ್ತು. ಅದನ್ನು ಹತ್ತು ವರ್ಷದ ಮಗುವಿಗೆ ಕನ್ನಡದಲ್ಲಿ ಹೇಳಿ ನೋಡಿ. ಇಪ್ಪತ್ತು ಪುಟ ಸಾಕು. ಕಾರಂತರು ಒಬ್ಬರೇ ಅಷ್ಟು ಬರೆದರು. ನಾವು ಒಬ್ಬೊಬ್ಬರು ಇಪ್ಪತ್ತು ಪುಟ ಬರೆಯಲಾರೆವೇ?

ನಮ್ಮ ಮನೆಯಲ್ಲಿ ಈಗ ಒಂದು ನೂರು ಪುಟದ ನೋಟ್‌ಬುಕ್ಕಿದೆ. ಇಂಗ್ಲಿಷ್ ಪುಸ್ತಕ ನೋಡಿಕೊಂಡು ಹುಡುಗಿ, ನಾನು ಸೇರಿ ಕನ್ನಡದಲ್ಲಿ ಬರೆಯುತ್ತಿದ್ದೇವೆ. ಮೂರು ಹೃದಯ, ನೀಲಿ ರಕ್ತ ಎಂದು ಮೊದಲ ಪುಟದಲ್ಲಿದೆ. ಬಣ್ಣ ಬದಲಾಗುವುದು ಹೇಗೆ ಎಂಬಲ್ಲಿ ಎರಡು ದಿನ ಸಿಕ್ಕಿಕೊಂಡೆವು. ಕೊನೆಗೆ ಅವಳೇ "ಚರ್ಮದೊಳಗೆ ಬಣ್ಣದ ಪುಟಾಣಿ ಚೀಲಗಳಿವೆ. ಚೀಲ ಹಿಗ್ಗಿದರೆ ಬಣ್ಣ ಕಾಣುತ್ತೆ, ಕುಗ್ಗಿದರೆ ಮಾಯ" ಎಂದು ಬರೆದಳು. ಯಾವ ನಿಘಂಟೂ ಬೇಕಾಗಲಿಲ್ಲ. ಹನ್ನೊಂದು ಪುಟ ಆಗಿದೆ. ನಮ್ಮ ಮನೆಗೆ ಬರುವ ಮಕ್ಕಳೆಲ್ಲ ಅದನ್ನು ಓದುತ್ತಾರೆ.

ಈ ನವೆಂಬರಿನಲ್ಲಿ ಶಾಮಿಯಾನ ಹಾಕಿ, ಬಾವುಟ ಏರಿಸಿ, ನಾನೂ ಬರುತ್ತೇನೆ. ಮೈಕಿನ ಬಾಡಿಗೆಯಲ್ಲಿ ಒಂದು ದಿನದ್ದು ಮಾತ್ರ ಉಳಿಸಿ. ಆ ದುಡ್ಡಿಗೆ ಮಕ್ಕಳ ಕನ್ನಡ ಪುಸ್ತಕ ತಂದು ಶಾಮಿಯಾನದ ಕೆಳಗೆ ಒಂದು ಚಾಪೆ ಹಾಸಿ ಹರಡಿ. ಬೀಗ ಬೇಡ, ಬೀರು ಬೇಡ. ಯಾವ ಮಗು ಬಂದು ಕೂತು ಓದುತ್ತದೋ ನೋಡಿ. ಓದಿ ಮುಗಿಸಿ ನಿಮ್ಮ ಮುಖ ನೋಡಿ "ಮುಂದಿನದು ಎಲ್ಲಿ?" ಎಂದು ಕೇಳುತ್ತದೆ.

ಆಗ ನಿಮ್ಮ ಕೈ ಖಾಲಿ ಇರಬಾರದು.